ಕೆಟ್ಟುಹೋದ ಅಮ್ಮನ ಬಗ್ಗೆ ಒಂದು ದೂರು

ಆ ಮನೆಯಲ್ಲಿ ಮಗುವನ್ನು ಯಾರೂ ಬೈಯುವಂತಿರಲಿಲ್ಲ. ಹಾಗಾಗಿ ಬೈಗುಳವೆಲ್ಲ ಪಾತ್ರೆಗಳ ಪಾಲಾಗಿತ್ತು.

ಅಜ್ಜಿ ಅಡುಗೆಮನೆಗೆ ಹೋಗಿ, ಬಾಗಿಲು ಮುಂದಕ್ಕೆ ಎಳೆದುಕೊಂಡು, ಬಾಣಲೆಯನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. "ಹೇಳಿದ ಮಾತು ಒಂದಾದ್ರೂ ಕಿವಿಗೆ ಹಾಕ್ಕೋತೀಯಾ? ಊಟದ ಹೊತ್ತಿಗೆ ಊಟ ಬೇಡ, ಮಲಗೋ ಹೊತ್ತಿಗೆ ನಿದ್ದೆ ಬೇಡ. ಗೋಡೆ ತುಂಬ ಗೀಚಿಟ್ಟು ಹಲ್ಲು ಬೇರೆ ಕಿಸೀತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಬಾಣಲೆ ತೆಪ್ಪಗಿರುತ್ತಿತ್ತು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತ ಮೊಮ್ಮಗಳು ಬಾಣಲೆಯ ಅದೃಷ್ಟಕ್ಕೆ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಮನೆಯವರೆಲ್ಲ ಅವಳನ್ನು ಬುಗುರಿ ಎನ್ನುತ್ತಿದ್ದರು. ಬೈಗುಳ ಕೇಳುವಾಗ ಮಾತ್ರ ಆ ಬುಗುರಿ ಗೂಟ ಹೊಡೆದ ಹಾಗೆ ನಿಲ್ಲುತ್ತಿತ್ತು.

ಇದಕ್ಕೆಲ್ಲ ಕಾರಣ ಬುಗುರಿಯ ಅಮ್ಮನ ಕೆಲಸ. ಬಟ್ಟೆ ಒಗೆಯುವ ಮೆಷಿನ್ ಮಾರುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಅದು. ಕೆಂಡಾಮಂಡಲವಾಗಿ ಫೋನ್ ಮಾಡಿದವರೂ ಅವಳ ದನಿಗೆ ಕರಗಿ ನೀರಾಗುತ್ತಿದ್ದದ್ದರಿಂದ ಅಲ್ಲಿಯವರು ಅವಳಿಗೆ ಜೇನು ಎಂದು ಹೆಸರಿಟ್ಟಿದ್ದರು. ಕೆಲಸದ ಜಾಗವೆಂದರೆ ಒಂದು ಉದ್ದನೆಯ ಹಾಲ್. ಕಿಟಕಿಗಳಿಗೆಲ್ಲ ಪರದೆ. ಸಾಲು ಸಾಲು ಮೇಜು, ಪ್ರತಿ ಮೇಜಿನ ಮೇಲೂ ಅಂಗೈಯಗಲದ ಕನ್ನಡಿ. ಕನ್ನಡಿ ಇಟ್ಟದ್ದು ತಲೆ ಬಾಚಿಕೊಳ್ಳಲಿ ಎಂದಲ್ಲ. ಮಾತಾಡುವಾಗ ಮುಖದಲ್ಲಿ ನಗು ಇದೆಯೋ ಇಲ್ಲವೋ ನೋಡಿಕೊಳ್ಳಲಿ ಎಂದು. ನಗು ಕಿವಿಗೂ ಕೇಳಿಸುತ್ತದಂತೆ. ಕಂಪನಿಯ ಮೆಷಿನ್‌ಗಳು ಹೇಗೂ ಕೆಡುತ್ತಿದ್ದವು, ಕೆಡಲೆಂದೇ ಹುಟ್ಟಿದ್ದವು. ಗಟ್ಟಿಮುಟ್ಟಾದ ಮೆಷಿನ್ ಮಾಡುವುದಕ್ಕಿಂತ ಹೆಂಗಸರ ನಗುವನ್ನು ಬಾಡಿಗೆಗೆ ತರುವುದು ಅಗ್ಗವೆಂದು ಕಂಪನಿ ಕಂಡುಕೊಂಡಿತ್ತು. ಆ ನಗು ಯಾವ ಮಗುವಿನ ಪಾಲಿನದು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಹಾಲ್‌ನ ಮೇಲ್ವಿಚಾರಕನಿಗೆ ಹೆಂಗಸರು ಬೆನ್ನ ಹಿಂದೆ ನಗುಮುಖ ಎನ್ನುತ್ತಿದ್ದರು. ಕನ್ನಡಿ ನೋಡಿ ನೋಡಿ ಅವನ ಮುಖ ನಗುವಿನಲ್ಲೇ ಹೆಪ್ಪುಗಟ್ಟಿತ್ತು. ಹಲ್ಲುನೋವು ಬಂದಾಗಲೂ ನಗುತ್ತಲೇ ಡಾಕ್ಟರ ಬಳಿ ಹೋಗಿ, ನೋವಿದೆಯೆಂದು ನಂಬಿಸಲಾರದೆ ವಾಪಸಾದ ಗಂಡಸು. ಹೊಸಬರಿಗೆ ಪಾಠ ಹೇಳುವವನೂ ಅವನೇ. "ಗಿರಾಕಿಗೆ ಯಾವತ್ತೂ 'ಇಲ್ಲ' ಅನ್ನಬೇಡಿ. ಎಲ್ಲ ಕರೆಯೂ ರೆಕಾರ್ಡ್ ಆಗುತ್ತೆ, 'ಇಲ್ಲ' ಕೇಳಿಸ್ತೋ ಸಂಬಳಕ್ಕೆ ಕತ್ತರಿ. ನಾವಾಗಿ ಫೋನ್ ಇಡೋ ಹಾಗಿಲ್ಲ, ಗಿರಾಕಿಯೇ ಮೊದಲು ಇಡಬೇಕು. ಇನ್ನು, 'ನನಗೆ ತೃಪ್ತಿಯಾಗಿದೆ' ಅಂತ ಗಿರಾಕಿ ತನ್ನ ಬಾಯಾರೆ ಹೇಳೋವರೆಗೂ ಕಂಪ್ಲೇಂಟ್ ಕ್ಲೋಸ್ ಆಗಲ್ಲ." ಕ್ಲೋಸ್ ಆಗದ ದೂರು ಗೋಡೆಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಕೆಂಪಗೆ ಉರಿಯುತ್ತಿತ್ತು. ಆ ಕೆಂಪನ್ನು ಇನ್ನಾವುದೋ ಊರಿನಲ್ಲಿ ಕೂತ ಮೇಲಿನವರೂ ನೋಡುತ್ತಿದ್ದರು. ಕೆಂಪು ಕಂಡರೆ ಹೋರಿಗಿಂತ ಕಡೆಯಾಗಿ ಆಡುವ ಜನ.

ಜೇನುವಿನ ಗಂಡನೂ ಅದೇ ಕಂಪನಿ, ಫ್ರಿಜ್ ವಿಭಾಗ, ರಾತ್ರಿ ಪಾಳಿ. ಗಂಡಹೆಂಡಿರ ಭೇಟಿಯೆಲ್ಲ ಹೊಸ್ತಿಲಲ್ಲೇ. ಒಬ್ಬರು ಚಪ್ಪಲಿ ಮೆಟ್ಟುವಾಗ ಇನ್ನೊಬ್ಬರು ಬಿಡುತ್ತಿದ್ದರು. ಇಂಥ ಇಬ್ಬರು ಮಗುವನ್ನು ಬೆಳೆಸಬೇಕು. ಹೇಗೆ ಬೆಳೆಸಬೇಕು ಎಂದು ಮೊಬೈಲಿನಲ್ಲಿ ಪಾಠ ಹೇಳುವವರಿಗೆ ಬರವೇ? ಹಿಂದೆ ಹೂದೋಟ, ಮುಂದೆ ಹಬೆಯಾಡುವ ಲೋಟ ಇಟ್ಟುಕೊಂಡ ಒಬ್ಬಾಕೆ, ಮನೆಗೆಲಸಕ್ಕೆ ಎಷ್ಟು ಜನರನ್ನಿಟ್ಟುಕೊಂಡಿದ್ದಳೋ, ಮೆತ್ತಗೆ ಹೇಳುತ್ತಿದ್ದಳು: "ಮಗುವಿಗೆ 'ಇಲ್ಲ' ಅನ್ನಬೇಡಿ. ಮಗು ಹೇಳಿದ್ದನ್ನು ಮಗುವಿಗೇ ತಿರುಗಿ ಹೇಳಿ. ಅದರ ಬೇಸರಕ್ಕೆ ಕ್ಷಮೆ ಕೇಳಿ. ದನಿ ಏರಿಸಬೇಡಿ. ಸ್ವಲ್ಪ ಹೊತ್ತಾದರೂ ಸರಿ, ಮಗುವಿನ ಜೊತೆ ಗುಣಮಟ್ಟದ ಸಮಯ ಕಳೆಯಿರಿ." ತಾಯಂದಿರ ಸಮಯವನ್ನೆಲ್ಲ ಹೊತ್ತುಕೊಂಡು ಹೋದವರಿಗೆ ಬುದ್ಧಿ ಹೇಳುವ ವಿಡಿಯೋ ಮಾತ್ರ ಆಕೆಯದಾಗಲಿ ಇನ್ನೊಬ್ಬರದಾಗಲಿ ಒಂದೂ ಇರಲಿಲ್ಲ.

ಜೇನುವಿಗೆ ಹಿಡಿಸಲಾರದಷ್ಟು ಖುಷಿ. "ರೀ, ಇದೆಲ್ಲ ನಮಗೆ ಬರುತ್ತಲ್ಲ! ದಿನಾ ಮಾಡೋದೇ!"

"ಹೌದಲ್ಲ!" ಎಂದ ಗಂಡ, ಚಪ್ಪಲಿ ಮೆಟ್ಟುತ್ತ.

ಅಲ್ಲಿಗೆ ಆಯಿತು. ಬುಗುರಿ ಬಣ್ಣದ ಡಬ್ಬಿ ಬೋರಲು ಹಾಕಿದರೆ ಜೇನು ಮೊಣಕಾಲೂರಿ ಕೂತು, "ನಿಮ್ಮ ಬಣ್ಣ ಚೆಲ್ಲಿದೆ ಎಂದು ತಿಳಿದು ನಮಗೆ ಬೇಸರವಾಗಿದೆ. ಇನ್ನೇನಾದರೂ ಸಹಾಯ ಬೇಕಾಗಿತ್ತಾ?" ಎನ್ನುವಳು. ಹೆತ್ತ ಮಗಳಿಗೆ ನೀವು, ತಾವು! ಅತ್ತೆ ಬಾಣಲೆ ಹುಡುಕಿಕೊಂಡು ಒಳಗೆ ಓಡುವರು.

ಶಾಲೆಯಲ್ಲಿ ಬುಗುರಿಗೆ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಆಟದ ಹೊತ್ತಿನಲ್ಲಿ ಮಕ್ಕಳೆಲ್ಲ ಬೈಗುಳದ ಜಂಬ ಕೊಚ್ಚುತ್ತಿದ್ದವು. "ನಮ್ಮಮ್ಮ ನನ್ನ ಚರ್ಮ ಸುಲೀತೀನಿ ಅಂದ್ಳು." "ಅಯ್ಯೋ ಅಷ್ಟೇನಾ? ನಮ್ಮಪ್ಪ ನನ್ನ ದನದ ಜೊತೆ ಅದಲು ಬದಲು ಮಾಡ್ಕೋತಾರಂತೆ." ಸರದಿ ತನ್ನದಾದಾಗ ಬುಗುರಿ ನೆಲ ನೋಡುತ್ತ ಹೇಳಿದ್ದಳು: "ನಮ್ಮಮ್ಮ... ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂದ್ಳು." ಆಮೇಲೆ ಅವಳನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ.

ಇಷ್ಟರಲ್ಲಿ ಶಾಲೆಯ ಆಟೋಟದ ದಿನ ಬಂತು. ಅದರಲ್ಲೊಂದು ಮೂರು ಕಾಲಿನ ಓಟ: ಅಮ್ಮನ ಒಂದು ಕಾಲಿಗೆ ಮಗುವಿನ ಒಂದು ಕಾಲು ಕಟ್ಟಿ ಓಡಿಸುವುದು. ಹೋದ ವರ್ಷ ಜೇನು ಹೋಗಿರಲಿಲ್ಲ. ಬುಗುರಿಯ ಕಾಲನ್ನು ಡ್ರಿಲ್ ಮೇಷ್ಟ್ರ ಕಾಲಿಗೆ ಕಟ್ಟಿದ್ದರು. ಆನೆಯಂಥ ಕಾಲಿನ ಮೇಷ್ಟ್ರು ಸೀಟಿ ಊದಿದ್ದೇ ದೌಡಾಯಿಸಿದರು. ಬುಗುರಿ ಪಕ್ಕದಲ್ಲಿ ಬಾವುಟದ ಹಾಗೆ ಪಟಪಟ ಹಾರುತ್ತ ಬಂದಳು. ಮೊದಲ ಬಹುಮಾನವೂ ಬಂತು. ಆ ಬಹುಮಾನದ ಡಬ್ಬಿಯನ್ನು ಅವಳು ಈವರೆಗೆ ಬಿಚ್ಚಿ ನೋಡಿಲ್ಲ.

"ಅಮ್ಮ, ಶುಕ್ರವಾರ ಓಟ ಇದೆ. ನೀನು ಬರ್ತೀಯಾ?"

ಕಂಪನಿ ಹೊಸ ಮಾದರಿ ಬಿಟ್ಟಿದ್ದ ತಿಂಗಳು ಅದು. ಮನೆಮನೆಯಲ್ಲೂ ಮೆಷಿನ್‌ಗಳು ಬಟ್ಟೆ ನುಂಗಿ ಕೂತಿದ್ದವು, ಯಾರಿಗೂ ರಜೆ ಸಿಗುತ್ತಿರಲಿಲ್ಲ. ಆದರೂ ಜೇನು ರಜೆ ಕೇಳಿದ್ದಳು. ನಗುಮುಖ ನಕ್ಕು, "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ, ಮೇಡಂ" ಎಂದಿದ್ದ. ಅದರ ಅರ್ಥ ಅವಳಿಗೆ ಗೊತ್ತಿಲ್ಲವೇ? ದಿನಬೆಳಗಾದರೆ ಅವಳೇ ಅದನ್ನು ಊರಿಗೆಲ್ಲ ಹಂಚುವವಳು. ಮಗಳ ಕೆನ್ನೆ ಸವರಿ ಹೇಳಿದಳು: "ನಿಮ್ಮ ಕೋರಿಕೆ ನಮಗೆ ತುಂಬ ಮುಖ್ಯ, ಪುಟ್ಟ."

ಬುಗುರಿ ಅಮ್ಮನನ್ನೇ ದಿಟ್ಟಿಸಿದಳು. "ಬರ್ತೀನಿ ಅನ್ನು. ಇಲ್ಲಾಂದ್ರೆ ಬರಲ್ಲ ಅನ್ನು."

"ಆದಷ್ಟು ಬೇಗ ನಿಮಗೆ ತಿಳಿಸ್ತೀವಿ" ಎಂದಿತು ಜೇನುವಿನ ಬಾಯಿ. ಬಾಯಿ ಎಂದೇ ಹೇಳಬೇಕು. ಜೇನು ಅದನ್ನು ತಡೆಯಲು ನೋಡಿದಳು, ಅದು ನಗುತ್ತ ತನ್ನ ಪಾಡಿಗೆ ತಾನು ಹೇಳಿ ಮುಗಿಸಿತ್ತು.

ಅಡುಗೆಮನೆಯಿಂದ ಅತ್ತೆ ಬಾಣಲೆಗೆ ಹೇಳುವುದು ಕೇಳಿಸಿತು. "ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದೋ ಅಂಗಡಿಯಿಂದ ತಂದಿದ್ದೋ ಹೇಳೇ, ಬಾಣಲೆ! ಹೂಂ ಅನ್ನೋಕೂ ಬರಲ್ಲ, ಊಹೂಂ ಅನ್ನೋಕೂ ಬರಲ್ಲ!"

ಜೇನುವಿಗೂ ಆ ಮಾತು ಬಾಣಲೆಗಲ್ಲವೆಂದು ಗೊತ್ತಾಯಿತು.

ಮಾರನೆಯ ದಿನ ಮಧ್ಯಾಹ್ನ. ಜೇನುವಿನ ಪಕ್ಕದ ಸೀಟಿನಲ್ಲಿ ಅವಳಿ ಮಕ್ಕಳ ತಾಯಿಯೊಬ್ಬಳು ಕೂರುತ್ತಿದ್ದಳು. ಅವಳಿಗೊಂದು ಕರೆ ಬಂತು. ಎದುರಿನ ಕಂಪ್ಯೂಟರ್ ಪರದೆ ಮೇಲೆ ಬರುವ ಪ್ರಶ್ನೆಗಳನ್ನು ವರಸೆಯಾಗಿ ಕೇಳಿ ಉತ್ತರ ತುಂಬಿಸುವುದಷ್ಟೇ ಅವಳ ಕೆಲಸ. ಪ್ರಶ್ನೆ ಬಿಡುವ ಹಾಗಿಲ್ಲ, ಬದಲಿಸುವ ಹಾಗೂ ಇಲ್ಲ.

"ನಮಸ್ಕಾರ, ನಿಮ್ಮ ತೊಂದರೆ ಏನೂಂತ ಹೇಳ್ತೀರಾ?"

"ನಮ್ಮನೇಲಿ ಅಮ್ಮ ಕೆಟ್ಟುಹೋಗಿದ್ದಾಳೆ" ಎಂದಿತು ಒಂದು ಚಿಕ್ಕ ದನಿ.

ಅವಳಿಗಳ ತಾಯಿ ಕನ್ನಡಿ ನೋಡಿಕೊಂಡಳು. ನಗು ಇತ್ತು. "ತೊಂದರೆಗೆ ಕ್ಷಮಿಸಿ. ಯಾವ ಮಾಡೆಲ್?"

"ಹಳೇದು. ಅಪ್ಪನ್ನ ಕೇಳ್ಬೇಕು."

"ಶಬ್ದ ಏನಾದ್ರೂ ಬರ್ತಿದೆಯಾ?"

"ಬರುತ್ತೆ. ಯಾವಾಗ್ಲೂ ಒಂದೇ ಶಬ್ದ. ಸಿಹಿ ಶಬ್ದ."

"ಸರಿಯಾಗಿ ತಿರುಗುತ್ತಾ?"

"ದಿನವೆಲ್ಲ ತಿರುಗುತ್ತೆ. ನನ್ನ ಕಡೆ ತಿರುಗಲ್ಲ."

"ನೀರು ಸೋರ್ತಿದೆಯಾ?"

"ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಸೋರ್ತಾಳೆ. ನಮಗೆ ಕೇಳಿಸಲ್ಲ ಅಂದ್ಕೊಂಡಿದ್ದಾಳೆ."

ದನಿಯ ಗುರುತು ಹತ್ತಿದ ಅವಳಿಗಳ ತಾಯಿ ಮೈಕಿಗೆ ಕೈ ಅಡ್ಡ ಹಿಡಿದು, ಜೇನುವಿನ ತೋಳು ಜಗ್ಗಿದಳು. "ಏ ಜೇನೂ, ನಿನ್ನ ಮಗಳು ಕಣೇ! ನಿನ್ನ ಮೇಲೇ ಕಂಪ್ಲೇಂಟ್!"

ಜೇನುವಿನ ಮನೆಯಲ್ಲಿದ್ದದ್ದೂ ಅದೇ ಕಂಪನಿಯ ಮೆಷಿನ್. ವರ್ಷದಿಂದ ಕೆಟ್ಟು ಮೂಲೆಯಲ್ಲಿ ಕೂತಿತ್ತು. ಅದರ ದೂರನ್ನು ಕೊಡಲು ದೂರು ಕೇಳುವವಳಿಗೇ ಪುರುಸೊತ್ತಿರಲಿಲ್ಲ. ಮೆಷಿನ್ನಿನ ಹಿಂದೆ ಕಂಪನಿಯ ನಂಬರಿನ ಚೀಟಿ ಅಂಟಿಸಿತ್ತು. ಬುಗುರಿ ಅಜ್ಜಿಯ ಫೋನ್ ಎತ್ತಿಕೊಂಡಿದ್ದಳು.

ದೂರು ದಾಖಲಾಯಿತು. ಬೋರ್ಡಿನಲ್ಲಿ ಕೆಂಪು ಹತ್ತಿತು: *ಅಮ್ಮ, ಹಳೆಯ ಮಾದರಿ, ಗಿರಾಕಿಯ ಕಡೆ ತಿರುಗುತ್ತಿಲ್ಲ.*

ಹಾಲ್ ತುಂಬ ಕಿಸಿಕಿಸಿ. ನಗುಮುಖ ನಗುತ್ತಲೇ ಓಡಿ ಬಂದ. ಅವನು ಹೆದರಿದ್ದಾನೆ ಎಂದು ಗೊತ್ತಾಗುತ್ತಿದ್ದದ್ದು ಕಿವಿಗಳಿಂದ, ಅವು ಕೆಂಪಾಗುತ್ತಿದ್ದವು. "ಯಾರ್ರೀ ಇದನ್ನ ಬರೆದಿದ್ದು? ಮೇಲಿನವರು ನೋಡಿದ್ರೆ?"

"ಗಿರಾಕಿ ಹೇಳಿದ್ದನ್ನೇ ಬರೀರಿ ಅಂತ ನೀವೇ ತಾನೇ ಸಾರ್ ಹೇಳಿದ್ದು?" ಎಂದಳು ಅವಳಿಗಳ ತಾಯಿ, ಕನ್ನಡಿಗೆ ಒಪ್ಪುವಂಥ ನಗು ನಕ್ಕು.

ಅವನೇ ಹೆಡ್‌ಸೆಟ್ ಏರಿಸಿಕೊಂಡ. "ನಮಸ್ಕಾರ ಪುಟಾಣಿ. ನಿಮ್ಮ ದೂರು ನಮಗೆ ತಲುಪಿದೆ. ಈಗ 'ತೃಪ್ತಿಯಾಗಿದೆ' ಅಂತ ಹೇಳಿಬಿಡ್ತೀರಾ?"

"ಅಮ್ಮ ಶುಕ್ರವಾರ ಓಟಕ್ಕೆ ಬರ್ತಾಳಾ?"

"ನಿಮ್ಮ ಕೋರಿಕೆ ನಮಗೆ ತುಂಬ..."

"ಅಂದ್ರೆ ಇಲ್ಲ ಅಂತ. ನಮ್ಮನೇಲೂ ಹೀಗೇ ಅನ್ನೋದು. ನಿಮಗಿಂತ ಮೇಲಿರೋರು ಯಾರಾದ್ರೂ ಇದ್ರೆ ಲೈನ್ ಕೊಡಿ ಅಂಕಲ್."

ಮೇಲಿನವರ ಹೆಸರು ಬಂದದ್ದೇ ನಗುಮುಖನ ಕಿವಿ ಕಾದ ಕಬ್ಬಿಣವಾಯಿತು. ಫೋನ್ ಇಡೋಣವೆಂದರೆ ತಾನೇ ಮಾಡಿದ ಪಾಠ ಅಡ್ಡ. ಹೆಡ್‌ಸೆಟ್ ಕಿತ್ತು ಜೇನುವಿನ ತಲೆಗೆ ಸಿಕ್ಕಿಸಿದ. ಮೈಕಿನಿಂದ ದೂರ ಬಾಗಿ ಪಿಸುಗುಟ್ಟಿದ: "ನಿಮ್ಮ ಮಗಳು, ನೀವೇ ಕ್ಲೋಸ್ ಮಾಡಿ. ಈಗಲೇ. ಆಗದಿದ್ರೆ ನಾಳೆಯಿಂದ ಬರೋದು ಬೇಡ."

ಜೇನು ಕೂತಳು. ಎದುರಿಗೆ ಕನ್ನಡಿ. ಅದರಲ್ಲಿ ಒಬ್ಬ ಹೆಂಗಸು ಇಷ್ಟಗಲ ನಗುತ್ತಿದ್ದಳು. ಎದೆಯಲ್ಲಿ ಭತ್ತ ಕುಟ್ಟಿದ ಹಾಗೆ ಆಗುತ್ತಿರುವಾಗ ಈ ಹೆಂಗಸಿಗೆ ನಗು ಬರುವುದಾದರೂ ಹೇಗೆ ಎಂದು ಅವಳಿಗೇ ಅಸಹ್ಯವಾಯಿತು.

"ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?"

"ಅಮ್ಮ, ಈ ದನಿ ಬೇಡ. ಇದು ಆಫೀಸಿಂದು. ನಿಂದು ಕೊಡು."

"ದಯವಿಟ್ಟು ನಿಮ್ಮ ತೊಂದರೆಯನ್ನು..."

ಆ ಕಡೆಯಿಂದ ಕಿರ್ರನೆ ಸದ್ದು ಬಂತು. ಜೇನುವಿಗೆ ಆ ಸದ್ದಿನ ಗುರುತಿತ್ತು. ಮೂಲೆಯ ಮೆಷಿನ್ನಿನ ಮುಚ್ಚಳದ್ದು. ಹಿಂದೆಯೇ ದೂರದಿಂದ ಅತ್ತೆಯ ಕೂಗು: "ಅಯ್ಯಯ್ಯೋ, ಮೆಷಿನ್ ಮೇಲೆ ಹತ್ತಿ ನಿಂತಿದೆಯಲ್ಲೋ ಇದು!"

ಜೇನುವಿನೊಳಗೆ ವರ್ಷಗಳಿಂದ ಮಡಿಸಿಟ್ಟ ಏನೋ ಒಂದು ಹರಿದು ಹೊರಗೆ ಬಂತು.

"ಏಯ್ ಕೋತಿ! ಇಳಿಯೇ ಕೆಳಗೆ! ಬಿದ್ದು ಹಲ್ಲು ಮುರ್ಕೊಂಡ್ರೆ ಯಾರೇ ನೋಡೋರು? ಇಳಿ ಅಂದ್ರೆ ಇಳೀಬೇಕು! ಮನೆಗೆ ಬಂದೆ ಅಂದ್ರೆ ಕಿವಿ ಹಿಂಡಿ ಗೋಡೆಗೆ ನೇತು ಹಾಕ್ತೀನಿ, ಕತ್ತೆ!"

ಹಾಲ್‌ನಲ್ಲಿ ಎಲ್ಲೋ ಒಂದು ಕನ್ನಡಿ ಮೇಜಿನಿಂದ ಉರುಳಿ ಬಿತ್ತು.

ಆ ಕಡೆ ಧೊಪ್ಪನೆ ನೆಲಕ್ಕಿಳಿದ ಸದ್ದು, ಆಮೇಲೆ ಮನೆಯೇ ಹಾರಿಹೋಗುವಂಥ ಕೇಕೆ. "ಅಜ್ಜೀ! ಅಮ್ಮ ಬೈದ್ಳು! ಕೋತಿ ಅಂದ್ಳು, ಕತ್ತೆ ಅಂದ್ಳು! ಎರಡೆರಡು! ಗೋಡೆಗೆ ಬೇರೆ ನೇತು ಹಾಕ್ತಾಳಂತೆ!"

"ನನ್ನ ಹೊಟ್ಟೆ ತಣ್ಣಗಾಯ್ತು" ಎಂದರು ಅತ್ತೆ ಹಿಂದಿನಿಂದ. "ಇನ್ನು ಬಾಣಲೆಗೆ ಬಿಡುವು."

ನಗುಮುಖ ಮೈಕಿಗೆ ಬಾಯಿಟ್ಟ. "ನೋಡಿ ಪುಟಾಣಿ, ನಿಮ್ಮ ಅಮ್ಮ ರಿಪೇರಿ ಆದರು. ಇನ್ನು ತೃಪ್ತಿ ತಾನೇ?"

"ಶಬ್ದ ಸರಿಹೋಯ್ತು ಅಂಕಲ್" ಎಂದಳು ಬುಗುರಿ. "ತಿರುಗೋದು ಬಾಕಿ ಇದೆ. ಅಮ್ಮ, ಬರ್ತೀಯಾ?"

ಜೇನು ಕನ್ನಡಿಯನ್ನು ಮಗುಚಿ ಹಾಕಿದಳು. ಕುರ್ಚಿ ತಿರುಗಿಸಿ ನಗುಮುಖನನ್ನು ನೋಡಿದಳು. ಬಾಯಿಯ ಬಳಿಯ ಮೈಕನ್ನು ಕಿತ್ತು ಅವನ ಮೂಗಿನ ನೇರಕ್ಕೆ ಹಿಡಿದಳು.

"ಸಾರ್, ಶುಕ್ರವಾರ ನನಗೆ ರಜೆ ಇಲ್ಲವಾ? ಗಿರಾಕಿ ಕಾಯ್ತಿದ್ದಾರೆ. ನೀವೇ ಬಾಯ್ಬಿಟ್ಟು ಹೇಳಿಬಿಡಿ."

ಕರೆ ರೆಕಾರ್ಡ್ ಆಗುತ್ತಿತ್ತು. ನಗುಮುಖ 'ಇ' ಎಂದು ಶುರುಮಾಡಿ ಅದನ್ನು ಕೆಮ್ಮಾಗಿ ಮಾಡಿಕೊಂಡ. ಎಷ್ಟೋ ಹೆಂಗಸರ ಸಂಬಳಕ್ಕೆ ಅವನು ಕತ್ತರಿ ಹಾಕಿದ್ದದ್ದು ಈ ಒಂದು ಮಾತಿಗೆ. ಆ ಹೆಂಗಸರೆಲ್ಲ ಈಗ ಹೆಡ್‌ಸೆಟ್ ಕತ್ತಿಗೆ ಜಾರಿಸಿಕೊಂಡು, ಗಲ್ಲಕ್ಕೆ ಕೈಯಿಟ್ಟು, ಆ ಮಾತು ಅವನ ಬಾಯಿಂದ ಉದುರುವುದನ್ನೇ ಕಾಯುತ್ತಿದ್ದರು.

"ನಿಮ್ಮ... ಕೋರಿಕೆಯನ್ನು... ಪರಿಗಣಿಸಿ..."

"ಹೇಳಿ ಸಾರ್, ಹೇಳಿ" ಎಂದರು ಹಿಂದಿನ ಸಾಲಿನವರು. "'ಇ' ಆಯ್ತಲ್ಲ, ಇನ್ನೊಂದೇ ಒಂದು ಅಕ್ಷರ ಬಾಕಿ ಅಷ್ಟೇ!"

"ಸಾರ್ ಇಲ್ಲ ಅನ್ನಲಿಲ್ಲ ಕಣೇ" ಎಂದಳು ಜೇನು ಮೈಕಿಗೆ. "ಬರ್ತೀನಿ."

"ಹಾಗಾದ್ರೆ ಕ್ಲೋಸ್ ಮಾಡಿಸ್ರೀ!" ನಗುಮುಖನ ದನಿ ಅಳುತ್ತಿತ್ತು, ಮುಖ ನಗುತ್ತಿತ್ತು.

"ಕೆಲಸ ಆದ್ಮೇಲೆ ತಾನೇ ಸಾರ್ ಕ್ಲೋಸ್ ಮಾಡೋದು? ಬುಗುರೀ, ನಾನು ಬಂದು ನಿನ್ನ ಕಾಲಿಗೆ ಕಾಲು ಕಟ್ಟೋವರೆಗೂ ತೃಪ್ತಿ ಗಿಪ್ತಿ ಅಂತ ಯಾರ ಹತ್ರಾನೂ ಬಾಯಿ ಬಿಟ್ಟೀಯ, ಜೋಕೆ!"

ಶುಕ್ರವಾರದವರೆಗೂ ಬೋರ್ಡಿನಲ್ಲಿ ಅಮ್ಮ ಕೆಂಪಗೆ ಉರಿಯುತ್ತಲೇ ಇದ್ದಳು. ಮೇಲಿನವರು ಫೋನ್ ಮಾಡಿ, 'ಅಮ್ಮ' ಎಂಬ ಮಾದರಿಯನ್ನು ಕಂಪನಿ ಯಾವಾಗ ಬಿಟ್ಟಿತು, ಬಿಡಿಭಾಗ ಸಿಗುತ್ತವೆಯೇ ಎಂದೆಲ್ಲ ವಿಚಾರಿಸಿದರಂತೆ. ಜೇನುವನ್ನು ಕೆಲಸದಿಂದ ತೆಗೆಯೋಣವೆಂದರೆ ದೂರಿಗೆ ಸಂಬಂಧಪಟ್ಟ ಮಾಲನ್ನು ದೂರು ಮುಗಿಯುವ ತನಕ ಅಲುಗಿಸಬಾರದೆಂದು ಕಂಪನಿಯದೇ ಕಾನೂನು. ನಗುಮುಖ ಅದನ್ನು ತಿರುವಿ ಮುರುವಿ ಓದಿ ಹಣೆ ಚಚ್ಚಿಕೊಂಡ.

ಓಟದ ಮೈದಾನದಲ್ಲಿ ಬಿಸಿಲು ಚೆನ್ನಾಗಿತ್ತು. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದ ಗಂಡ ಗೆಲುವಿನ ಗೆರೆಯ ಪಕ್ಕದ ಕಂಬಕ್ಕೆ ಒರಗಿ ನಿಂತೇ ನಿದ್ದೆ ಹೊಡೆಯುತ್ತಿದ್ದ. ಹತ್ತಿರ ಯಾವ ಮಗು ಬಿದ್ದು ಅತ್ತರೂ ಕಣ್ಣು ತೆರೆಯದೆ, "ನಿಮ್ಮ ಕರೆ ನಮಗೆ ಮುಖ್ಯ, ಫ್ರಿಜ್ಜಿನ ಬಾಗಿಲು ಮುಚ್ಚಿ ನೋಡಿ" ಎನ್ನುತ್ತಿದ್ದ. ಡ್ರಿಲ್ ಮೇಷ್ಟ್ರು ಹಳೆಯ ರುಚಿಗೆ ಹಗ್ಗ ಹಿಡಿದು ಬುಗುರಿಯ ಬಳಿ ಬಂದರು. ಜೇನು ಅವರ ಕೈಯಿಂದ ಹಗ್ಗ ಕಿತ್ತುಕೊಂಡು ತನ್ನ ಕಾಲಿಗೂ ಮಗಳ ಕಾಲಿಗೂ ಬಿಗಿದಳು.

ಆಗಲೇ ಅತ್ತೆಯ ಕೈಯ ಫೋನ್ ಬಡಿದುಕೊಂಡಿತು. ನಗುಮುಖ.

"ಪುಟಾಣಿ, ಅಮ್ಮ ಬಂದರಲ್ಲ? ಇನ್ನಾದರೂ ತೃಪ್ತಿಯಾಗಿದೆ ಅಂತ ಹೇಳಮ್ಮ. ಮೇಲಿನವರು ಕೇಳ್ತಾ ಇದ್ದಾರೆ."

ಬುಗುರಿ ಗಂಟಲು ಸರಿಮಾಡಿಕೊಂಡಳು. ಬಾಯಿಂದ ಜೇನು ಸುರಿಯಿತು: "ದಯವಿಟ್ಟು ಲೈನಿನಲ್ಲೇ ಇರಿ. ನಿಮ್ಮ ಸಮಯ ನಮಗೆ ತುಂಬ ಮುಖ್ಯ." ಫೋನನ್ನು ಅಜ್ಜಿಗೆ ಕೊಟ್ಟಳು. "ಅಜ್ಜಿ, ಇದಕ್ಕೆ ಸಂಗೀತ ಹಾಕು."

ಅತ್ತೆಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಫೋನನ್ನು ಬಾಯಿಗೆ ಒತ್ತಿಕೊಂಡು, "ಊಂಊಂ ಊಂಊಂಊಂ" ಎಂದು ಹಿಟ್ಟಿನ ಗಿರಣಿಯ ರಾಗದಲ್ಲಿ ಶುರುಮಾಡಿದರು. ಕಂಪನಿಯವನು ಫೋನ್ ಇಡುವ ಹಾಗಿಲ್ಲ. ಕೇಳುತ್ತ ಕೂತ.

ಸೀಟಿ ಊದಿದರು. ಕಟ್ಟಿದ ಕಾಲು ಮೊದಲೋ ಬಿಟ್ಟ ಕಾಲು ಮೊದಲೋ ಎಂದು ಮಾತಾಡಿಕೊಂಡೇ ಇರಲಿಲ್ಲ. ಅಮ್ಮ ಕಟ್ಟಿದ್ದನ್ನು ಎತ್ತಿದಳು, ಮಗಳು ಬಿಟ್ಟದ್ದನ್ನು. ಇಬ್ಬರೂ ಮುಖ ಅಡಿಯಾಗಿ ಬಿದ್ದರು.

"ಕಟ್ಟಿದ ಕಾಲು ಕಣೇ, ಕತ್ತೆ!"

"ಮೊದ್ಲೇ ಹೇಳ್ಬಾರ್ದಾ, ಕೋ..." ಬುಗುರಿ ಅಲ್ಲಿಗೇ ನುಂಗಿಕೊಂಡಳು.

"ಏನಂದೆ? ಅಮ್ಮಂಗೆ ಏನಂದೆ? ಏಳು! ಓಡು! ಕಟ್ಟಿದ್ದು, ಬಿಟ್ಟಿದ್ದು, ಕಟ್ಟಿದ್ದು... ಅತ್ತ ಕಡೆ ಎಲ್ಲಿಗೇ ಹೊರಟೆ, ಗೆರೆ ಈ ಕಡೆ ಇದೆ!"

ಜೇನುವಿನ ಗಂಟಲು ಮೈದಾನದ ಆಚೆಯ ರಸ್ತೆಗೂ ಕೇಳುತ್ತಿತ್ತು. ಮಕ್ಕಳೆಲ್ಲ ಓಟ ಬಿಟ್ಟು ನೋಡುತ್ತ ನಿಂತರು. ಬುಗುರಿಯ ಮುಖ ಹೆಮ್ಮೆಯಿಂದ ಊದಿಕೊಂಡಿತ್ತು. ಕುಂಟುತ್ತ, ಉರುಳುತ್ತ, ಕಚ್ಚಾಡುತ್ತ ಅವರು ಎಲ್ಲರಿಗಿಂತ ಕಡೆಯಲ್ಲಿ ಗೆರೆ ತಲುಪಿ, ಕಂಬಕ್ಕೊರಗಿದ್ದ ಗಂಡನನ್ನೂ ಕೆಡವಿಕೊಂಡು ರಾಶಿಯಾಗಿ ಬಿದ್ದರು. ಅವನು ಆಗ ಕಣ್ಣು ಬಿಟ್ಟು, "ಮನೆಗೆ ಬಂದ್ವಾ?" ಎಂದ.

ಜೇನು ಮಣ್ಣು ಕೊಡವಿಕೊಂಡು ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡಳು. ನಗುಮುಖ ಇನ್ನೂ ಲೈನಿನಲ್ಲಿದ್ದ. ಅವನ ಉಸಿರಾಟವೂ ಯಾಕೋ ಓಡಿ ಬಂದವನ ಹಾಗಿತ್ತು.

"ಎಲ್ಲ ಕೇಳಿಸ್ತಾ ಇತ್ತು" ಎಂದ. "ಗೆದ್ದಿರಾ ಮೇಡಂ?"

"ಇಲ್ಲ" ಎಂದಳು ಜೇನು. ಗಂಟಲು ಒಡೆದು ದನಿ ಹಳೆಯ ತಗಡಿನ ಹಾಗೆ ಗರಗರ ಎನ್ನುತ್ತಿತ್ತು. ಆ ಮಾತು ನಾಲಿಗೆಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಮ್ಮೆ ಹೇಳಿ ನೋಡಿದಳು. "ಇಲ್ಲ ಸಾರ್."

"ಹಾಗಾದರೆ ಗಿರಾಕಿಗೆ... ತೃಪ್ತಿ..."

ಬುಗುರಿ ಬಗ್ಗಿ ಫೋನಿಗೆ ಬಾಯಿಟ್ಟಳು. "ಗೋಣಿಚೀಲದ ಓಟ ಬಾಕಿ ಇದೆ ಅಂಕಲ್. ಲೈನಿನಲ್ಲೇ ಇರಿ."

ಅತ್ತೆ ಮತ್ತೆ ಊಂಗುಟ್ಟಲು ಉಸಿರೆಳೆದುಕೊಂಡರು. ಅಷ್ಟರಲ್ಲಿ ಆ ಕಡೆ ಹಾಲ್‌ನೊಳಗಿಂದ ಅವಳಿಗಳ ತಾಯಿಯ ದನಿ ತೇಲಿ ಬಂತು. ಕನ್ನಡಿಯನ್ನು ಮಗುಚಿ ಹಾಕಿದ ದನಿ ಅದು, ಜೇನುವಿಗೆ ಕೇಳಿದೊಡನೆ ಗೊತ್ತಾಯಿತು.

"ಸಾರ್, ಸ್ವಲ್ಪ ಬನ್ನಿ ಇಲ್ಲಿ. ನಮ್ಮನೆಯಿಂದ ಕರೆ ಬಂದಿದೆ. ಕೆಟ್ಟಿರೋ ಅಮ್ಮ ಒಬ್ಳೇ, ಗಿರಾಕಿಗಳು ಇಬ್ರು. ಒಂದು ಕಂಪ್ಲೇಂಟ್ ಬರ್ಕೊಳ್ಲಾ, ಎರಡು ಬರ್ಕೊಳ್ಲಾ?"